ಇರುವೆ ಗೂಡಿನ ಯೀಸ್ಟ್‌ಗೆ ಡಿಆರ್‌ಬಿಸಿ ಪ್ಲೇಟ್: ಎರಡು ಬಾಕ್ಸ್ ಮುಗಿಸಿದ ಮೇಲೆ

ರೆಡಿಮೇಡ್ ಡಿಆರ್‌ಬಿಸಿ ಅಗರ್ ಪ್ಲೇಟ್ (ಬೂಸ್ಟು, ಯೀಸ್ಟ್ ಬೆಳೆಸುವ ಜೆಲ್ಲಿ ತುಂಬಿದ ತಟ್ಟೆ) ತರಿಸಬೇಕಾ ಬೇಡವಾ ಅಂತ ಯೋಚಿಸುತ್ತಿದ್ದರೆ, ತರಿಸಿ. ಆದರೆ ಇದೊಂದನ್ನೇ ನಂಬಿಕೊಂಡು ಕೂರಬೇಡಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್.

ನಾನು ಕೆಲಸ ಮಾಡುವುದು ಎಲೆ ಕತ್ತರಿಸುವ ಇರುವೆಗಳ ಮೇಲೆ. ಬ್ರೆಜಿಲ್‌ನಲ್ಲಿ ಇವನ್ನು ಸಾವುವಾ ಅಂತಾರೆ, ನಮ್ಮ ಲ್ಯಾಬಿನಲ್ಲಿರುವುದು ಅಟ್ಟಾ ಸೆಕ್ಸ್‌ಡೆನ್ಸ್. ಎಲೆ ಹೊತ್ತು ತಂದು, ಅಗಿದು, ಅದರ ಮೇಲೆ ಅಣಬೆ ಬೆಳೆಸುತ್ತವೆ. ಮರಿಗಳಿಗೆ ಅದೇ ಊಟ. ಎಲ್ಲರೂ ಆ ಅಣಬೆಯ ಬಗ್ಗೆಯೇ ಮಾತಾಡುತ್ತಾರೆ, ಆದರೆ ಇರುವೆಗಳ ಅದೇ ಅಣಬೆ ತೋಟದಲ್ಲಿ ಯೀಸ್ಟ್‌ಗಳೂ ಇವೆ ಅಂತ 1970ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ಬಂದಿತ್ತು. ಆಮೇಲೆ ಕ್ರಿಪ್ಟೊಕಾಕಸ್ ಹ್ಯಾಗ್ಲೆರೋರಮ್, ಸಿಂಪೋಡಿಯೋಮೈಸಿಸ್ ಅಟ್ಟಿನೋರಮ್ ಥರದ ಹೊಸ ಯೀಸ್ಟ್‌ಗಳೇ ಈ ಇರುವೆಯ ಗೂಡಿನಿಂದ ಸಿಕ್ಕವು. ಕೆಲವು ಎಲೆಯ ಗಟ್ಟಿ ನಾರಿನ ಅಂಶಗಳನ್ನು ಒಡೆಯುತ್ತವೆ, ಇನ್ನು ಕೆಲವು ಬೇರೆ ಯೀಸ್ಟ್‌ಗಳನ್ನು ಕೊಲ್ಲುವ ಪ್ರೋಟೀನ್ ಬಿಡುತ್ತವೆ. ಸುಮ್ನೆ ಬಂದು ಕೂತ ನೆಂಟರಲ್ಲ ಇವು.

ಇವನ್ನು ಹಿಡಿಯುವುದೇ ಕಷ್ಟ. ತೋಟದ ಒಂದು ಚೂರು ತೆಗೆದರೆ ಬೂದು ಬಣ್ಣದ ಸ್ಪಂಜಿನ ಹಾಗೆ ಪುಡಿಪುಡಿಯಾಗುತ್ತದೆ. ಅದನ್ನು ನೀರಲ್ಲಿ ಕದಡಿ ಸಾಧಾರಣ ಮಾಲ್ಟ್ ಅಗರ್ ಮೇಲೆ ಸವರಿದರೆ ಮೂರನೇ ದಿನಕ್ಕೆ ಇಡೀ ಪ್ಲೇಟ್ ಮೇಲೆ ಬೂಸ್ಟು ಹತ್ತಿಯ ಹಾಗೆ ಹಬ್ಬಿ ಮುಚ್ಚಳಕ್ಕೆ ತಾಗಿರುತ್ತದೆ. ಯೀಸ್ಟ್ ಎಲ್ಲೋ ಅಡಿಯಲ್ಲಿ. ಎಷ್ಟು ವಾರದ ಕೆಲಸ ಹೀಗೆ ಹೋಯಿತೋ!

ಡಿಆರ್‌ಬಿಸಿ ಗೆಲ್ಲುವುದು ಇಲ್ಲೇ. 1979ರಲ್ಲಿ ಕಿಂಗ್, ಹಾಕಿಂಗ್ ಮತ್ತು ಪಿಟ್ ಆಹಾರದಲ್ಲಿನ ಬೂಸ್ಟು ಮತ್ತು ಯೀಸ್ಟ್ ಎಣಿಸಲು ಮಾಡಿದ್ದು ಇದು, ನಮ್ಮ ಇರುವೆಗಳಿಗೋಸ್ಕರ ಅಲ್ಲ. ಇದರಲ್ಲಿರುವ ಡೈಕ್ಲೋರಾನ್ ಮತ್ತು ರೋಸ್ ಬೆಂಗಾಲ್ ಎಂಬ ಬಣ್ಣ ಬೂಸ್ಟಿನ ಓಟಕ್ಕೆ ಕಡಿವಾಣ ಹಾಕುತ್ತವೆ, ಕ್ಲೋರಾಂಫೆನಿಕಾಲ್ ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಐದು ದಿನ ಇಟ್ಟು ತೆಗೆದಾಗ ಬೂಸ್ಟು ಚಿಕ್ಕ ಅಂಗಿ ಗುಂಡಿಗಳ ಹಾಗೆ ತನ್ನ ಜಾಗದಲ್ಲೇ ನಿಂತಿತ್ತು, ಮಧ್ಯೆ ಮಧ್ಯೆ ನುಣ್ಣಗೆ ಹೊಳೆಯುವ ಯೀಸ್ಟ್ ಕಾಲೊನಿಗಳು. ಒಂದೊಂದನ್ನೇ ಲೂಪಿನಲ್ಲಿ (ತಂತಿಯ ಪುಟ್ಟ ಉಂಗುರ) ಎತ್ತಿಕೊಳ್ಳಬಹುದು. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಈಗ ಕಳೆದ ಒಂದು ಸ್ಟಾರಿನ ವಿಷಯ. ರೋಸ್ ಬೆಂಗಾಲ್ ಬಣ್ಣವನ್ನು ಯೀಸ್ಟ್‌ಗಳೂ ಹೀರಿಕೊಳ್ಳುತ್ತವೆ. ಬಿಳಿ ಕಾಲೊನಿಯೂ ಗುಲಾಬಿ, ಹುಟ್ಟಿನಿಂದಲೇ ಕೆಂಪಾಗಿರುವ ರೋಡೋಟೊರುಲಾ ಎಂಬ ಯೀಸ್ಟೂ ಗುಲಾಬಿ. ನಾನು ಒಂದೇ ಜಾತಿ ಅಂತ ಪಕ್ಕಕ್ಕಿಟ್ಟಿದ್ದ ಎರಡು ಕಾಲೊನಿಗಳನ್ನು ಬಣ್ಣವಿಲ್ಲದ ಅಗರ್‌ಗೆ ಹಾಕಿದಾಗ ಒಂದು ಕೆನೆ ಬಣ್ಣಕ್ಕೆ ಬಂತು, ಇನ್ನೊಂದು ಹವಳದ ಕೆಂಪು. ಹಾಗಾಗಿ ಮರು ಸ್ಟ್ರೀಕ್ ಮಾಡದೆ (ಬಣ್ಣವಿಲ್ಲದ ಅಗರ್ ಮೇಲೆ ಮತ್ತೆ ಗೀರಿ ಬೆಳೆಸದೆ) ಯಾವುದನ್ನೂ ಎಸೆಯಬೇಡಿ.

ಬೆಳಕೂ ಆಗಿಬರುವುದಿಲ್ಲ. ಬೆಳಕು ಬಿದ್ದರೆ ರೋಸ್ ಬೆಂಗಾಲ್‌ನಿಂದ ಸೂಕ್ಷ್ಮಜೀವಿಗಳಿಗೆ ವಿಷವಾಗುವ ಪದಾರ್ಥ ಹುಟ್ಟುತ್ತದೆ, ಯೀಸ್ಟೂ ಸಾಯುತ್ತದೆ. ನನ್ನ ಎರಡನೇ ಬಾಕ್ಸ್ ಬಂದಿದ್ದು ಪಾರದರ್ಶಕ ಕವರಿನಲ್ಲಿ, ಮುಚ್ಚಳದ ಒಳಗೆಲ್ಲ ನೀರಿನ ಹನಿ. ಹನಿ ಅಗರ್ ಮೇಲೆ ಬಿದ್ದರೆ ಕಾಲೊನಿಗಳು ಒಂದಕ್ಕೊಂದು ಸೇರಿಬಿಡುತ್ತವೆ ಅಲ್ವಾ, ಆರು ಪ್ಲೇಟ್ ಹಾಗೇ ಹಾಳಾದವು. ಬಂದ ತಕ್ಷಣ ಕಪ್ಪು ಕವರಿನಲ್ಲಿ ಸುತ್ತಿ ಫ್ರಿಜ್‌ಗೆ ಸೇರಿಸಿ.

ಇನ್ನೊಂದು ಮಾತು, ಕಪ್ಪು ಯೀಸ್ಟ್ ಹುಡುಕುವವರಿಗೆ. ಇವು ಇರುವೆಯ ಮೈಮೇಲೆ ಇರುತ್ತವೆ. ಆಪ್ಟೆರೋಸ್ಟಿಗ್ಮಾ ಎಂಬ, ಅಣಬೆ ಬೆಳೆಸುವ ಇನ್ನೊಂದು ಇರುವೆಯಲ್ಲಿ ಇವು ಏನು ಮಾಡುತ್ತವೆ ಅಂತ 2008ರಲ್ಲಿ ಗೊತ್ತಾಯಿತು. ತೋಟಕ್ಕೆ ಹತ್ತುವ ಎಸ್ಕೊವೊಪ್ಸಿಸ್ ಎಂಬ ಬೂಸ್ಟಿನ ರೋಗವನ್ನು ತಡೆಯುವ ಬ್ಯಾಕ್ಟೀರಿಯಾ ಇರುವೆಯ ಮೈಮೇಲಿದೆ, ಕಪ್ಪು ಯೀಸ್ಟ್ ಅದನ್ನೇ ತಿಂದು ಕಾವಲನ್ನು ದುರ್ಬಲ ಮಾಡುತ್ತದೆ. ಇಷ್ಟು ಮುಖ್ಯವಾದ ಜೀವಿ ಬೆಳೆಯುವುದು ಮಾತ್ರ ತುಂಬಾ ನಿಧಾನ. ಐದನೇ ದಿನ ಎಣಿಸಿ ಪ್ಲೇಟ್ ಬಿಸಾಡಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಪ್ಲೇಟಿಗೆ ಟೇಪ್ ಸುತ್ತಿ ಎರಡು ಮೂರು ವಾರ ಕತ್ತಲಲ್ಲಿಡಿ.

ಮುಂದಿನ ಆರ್ಡರ್‌ನಲ್ಲಿ ನಾನು ಅರ್ಧ ಡಿಆರ್‌ಬಿಸಿ, ಅರ್ಧ ಬಣ್ಣವಿಲ್ಲದ ಯೀಸ್ಟ್ ಮಾಲ್ಟ್ ಅಗರ್ ತರಿಸುತ್ತಿದ್ದೇನೆ.