ಹಳೆ ಅಚ್ಚಿನ ಬೇಸ್, ಬದಲಾಯಿಸಿದ ಬೇಸ್: ಒಂದು ಮಳೆಗಾಲದ ಹೋಲಿಕೆ

ನನ್ನ ಕೋಣೆಯ ಗೋಡೆಯಲ್ಲಿ ಈಗ ಎರಡು ಪ್ರೆಸಿಷನ್ ಬೇಸ್ ನೇತಾಡುತ್ತಿವೆ, ಅಂದರೆ ಫೆಂಡರ್ ಕಂಪನಿಯ ವಿನ್ಯಾಸದ ನಾಲ್ಕು ತಂತಿಯ ವಿದ್ಯುತ್ ಬೇಸ್ ಗಿಟಾರ್. ಒಂದು ನನ್ನದು, ಇನ್ನೊಂದು ಭಾವನದು. ಅವರು ದುಬೈಗೆ ಹೊರಡುವ ದಿನ "ಇದು ನಿನ್ನ ಹತ್ರವೇ ಇರ್ಲಿ, ಆಗಾಗ ನುಡಿಸ್ತಾ ಇರು, ಸುಮ್ನೆ ಇಟ್ರೆ ಹಾಳಾಗ್ತದೆ" ಅಂತ ಕೊಟ್ಟು ಹೋದರು. ಅದು ಪತ್ತನಾಜೆಯ ವಾರ. ಪತ್ತನಾಜೆ ಕಳೆದರೆ ನಮ್ಮ ಕಡೆ ಕೋಲ, ಆಟ, ಜಾತ್ರೆ ಎಲ್ಲ ನಿಲ್ಲುತ್ತದೆ. ರಸಮಂಜರಿಗೂ ಬಿಡುವು. ನಮ್ಮ ತಂಡಕ್ಕೆ ಮುಂದಿನ ಕಾರ್ಯಕ್ರಮ ಚೌತಿಗೆ. ಹಾಗಾಗಿ ಎರಡೂ ಬೇಸ್ ಒಂದೇ ಗೋಡೆಯಲ್ಲಿ ಇಡೀ ಮಳೆಗಾಲ ಕಳೆದವು. ನಮ್ಮ ಮನೆ ಕಾಸರಗೋಡಿನ ಕುಂಬಳೆಯಲ್ಲಿ, ರಾತ್ರಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ.

ಎರಡೂ 1962ರ ಪ್ರೆಸಿಷನ್ ಬೇಸಿನ ಅಚ್ಚಿನಲ್ಲಿ ಮಾಡಿದವು. ಭಾವನದು ಹಳೆಯದನ್ನು ಇದ್ದ ಹಾಗೆಯೇ ತೆಗೆದ ರೀಇಶ್ಯೂ. ಸ್ಕ್ರೂವಿನಿಂದ ಹಿಡಿದು ಮರಕ್ಕೆ ಬಳಿಯುವ ಲ್ಯಾಕರ್‌ವರೆಗೆ ಎಲ್ಲ ಆ ಕಾಲದ ಹಾಗೆಯೇ. ನನ್ನದು ಅದೇ ಆಕಾರ, ಅದೇ ರೀತಿಯ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಅಯಸ್ಕಾಂತದ ಭಾಗ), ಆದರೆ ಇವತ್ತು ನುಡಿಸುವವರಿಗೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಬದಲಾಯಿಸಿದ್ದು. ನೋಡಿದವರಿಗೆ ಒಡಹುಟ್ಟಿದವುಗಳ ಹಾಗೆ ಕಾಣುತ್ತವೆ. ಕೈಗೆತ್ತಿಕೊಂಡಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ತಂಡದಲ್ಲಿ ಈ ವಿಷಯಕ್ಕೆ ಎರಡು ಪಕ್ಷ ಉಂಟು. ಹಳೆ ಅಚ್ಚಿನ ಪಕ್ಷಕ್ಕೆ ಮಾಷ್ಟ್ರು ಮುಖ್ಯಸ್ಥರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಈಗಲೂ ಬೇಸ್ ಹಿಡಿದರೆ ತಾಳ ಅಲುಗುವುದಿಲ್ಲ. "ಅಚ್ಚು ಬದಲಾದ ಮೇಲೆ ಅದಕ್ಕೆ 62 ಅಂತ ಹೆಸರು ಯಾಕೆ ಮಾರಾಯಾ?" ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯಲ್ಲಿ ನ್ಯಾಯ ಇದೆ. ಆದರೆ ಮಾಷ್ಟ್ರಿಗೆ ನಾನು ಹೇಳುವುದು ಇಷ್ಟು: ಆ ಬೇಸೇ ನಿಂತಲ್ಲಿ ನಿಂತದ್ದಲ್ಲ. ಲಿಯೋ ಫೆಂಡರ್ ಅದನ್ನು ಮಾರುಕಟ್ಟೆಗೆ ತಂದದ್ದು 1951ರಲ್ಲಿ. ಅದಕ್ಕೆ ಮುಂಚೆ ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್, ಅದಕ್ಕೆ ಫ್ರೆಟ್, ಅಂದರೆ ಸ್ವರದ ಜಾಗ ತೋರುವ ಲೋಹದ ಅಡ್ಡಪಟ್ಟಿ, ಇಲ್ಲ. ಫ್ರೆಟ್ ಇದ್ದರೆ ಸ್ವರ ಸರಿಯಾದ ಜಾಗದಲ್ಲೇ ಬೀಳುತ್ತದೆ, ಪ್ರೆಸಿಷನ್ ಎಂಬ ಹೆಸರು ಬಂದದ್ದು ಅದರಿಂದಲೇ. 1957ರಲ್ಲಿ ಪಿಕಪ್ ಬದಲಾಯಿತು, ತಲೆಯ ಆಕಾರ ಬದಲಾಯಿತು, ಪಿಕ್‌ಗಾರ್ಡ್ ಬದಲಾಯಿತು. 1959ರಲ್ಲಿ ಫ್ರೆಟ್‌ಗಳನ್ನು ಕೂರಿಸುವ ಮೇಪಲ್ ಮರದ ಫ್ರೆಟ್‌ಬೋರ್ಡ್ ಹೋಗಿ ರೋಸ್‌ವುಡ್ ಬಂತು. 62 ಅಂತ ನಾವು ಪೂಜಿಸುವುದು ಹನ್ನೊಂದು ವರ್ಷದ ಬದಲಾವಣೆಗಳ ಮೊತ್ತವನ್ನು. ಹಳೆ 57 ಮತ್ತು 62ರ ಮಾದರಿಗಳನ್ನು ಫೆಂಡರ್‌ನವರೇ ಮತ್ತೆ ಹೊರತರಲು ಶುರು ಮಾಡಿದ್ದು 1982ರಲ್ಲಿ.

ಈಗ ನನ್ನ ಪರೀಕ್ಷೆಗೆ ಬರುತ್ತೇನೆ.

ಜನ ಜಾಸ್ತಿ ವಾದ ಮಾಡುವುದು ಫ್ರೆಟ್‌ಬೋರ್ಡಿನ ಉಬ್ಬಿನ ಬಗ್ಗೆ. ಹಳೆಯದರಲ್ಲಿ 7.25 ಇಂಚು ತ್ರಿಜ್ಯದ ವೃತ್ತದ ಉಬ್ಬು, ನನ್ನದರಲ್ಲಿ 9.5 ಇಂಚು. ಅಂದರೆ ನನ್ನದು ಸ್ವಲ್ಪ ಚಪ್ಪಟೆ. ಲೀಡ್ ಗಿಟಾರಿನಲ್ಲಿ ತಂತಿ ಎಳೆದು ಸ್ವರ ಏರಿಸುವವರಿಗೆ ಇದು ದೊಡ್ಡ ವಿಷಯ. ಬೇಸ್‌ನಲ್ಲಿ ತಂತಿ ಎಳೆಯುವವರು ಎಷ್ಟು ಜನ? ಎರಡು ತಿಂಗಳು ದಿನಕ್ಕೊಂದರಂತೆ ಬದಲಿಸಿ ನುಡಿಸಿದೆ. ಮೊದಲ ಐದು ನಿಮಿಷ ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಮರೆತೇ ಹೋಗುತ್ತದೆ. ಈ ಜಗಳವನ್ನು ನಾನು ಬಿಟ್ಟೆ.

ಮರದ ವಿಷಯ ನನಗೆ ಹೆಚ್ಚು ಇಷ್ಟ. ಭಾವನ ಬೇಸಿನ ಫ್ರೆಟ್‌ಬೋರ್ಡ್ ರೋಸ್‌ವುಡ್, ನಮ್ಮ ಬೀಟೆಯ ಕುಲದ್ದು. 2017ರಲ್ಲಿ ಆ ಕುಲದ ಮರಗಳೆಲ್ಲ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದದ, ಪಟ್ಟಿಗೆ ಸೇರಿದವು. ಗಿಟಾರನ್ನು ದೇಶದಿಂದ ದೇಶಕ್ಕೆ ಮಾರಲೂ ಕಾಗದಪತ್ರ ಬೇಕಾಯಿತು. ತಯಾರಕರು ಬೇರೆ ಮರ ಹುಡುಕಿದರು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಬದಲಿ ಮರಗಳು ನೆಲೆಯೂರಿದ್ದವು. ನನ್ನ ಬೇಸಿನಲ್ಲಿರುವುದು ಇಂಡಿಯನ್ ಲಾರೆಲ್. ಹೆಸರು ಕೇಳಿ ಯಾವುದೋ ದೂರದ ಮರ ಅಂದುಕೊಂಡಿದ್ದೆ. ನೋಡಿದರೆ ಅದು ನಮ್ಮ ಕರಿಮತ್ತಿ. ಅಪ್ಪನಿಗೆ ಹೇಳಿದಾಗ ಕನ್ನಡಕ ಹಾಕಿಕೊಂಡು ಬಂದರು. ಹನ್ನೆರಡನೇ ಫ್ರೆಟ್‌ನ ಹತ್ತಿರ ಹೆಬ್ಬೆರಳು ಒತ್ತಿ ಉದ್ದಕ್ಕೆ ಸವರಿದರು. "ಮತ್ತಿಯಾ? ತೋಟದ ಬದಿಯಲ್ಲಿ ಇದ್ದದ್ದನ್ನು ನಾವು ಸೊಪ್ಪಿಗೆ ಕಡಿದೆವಲ್ಲ!" ಅಂದರು. ಬಣ್ಣ ಬೀಟೆಗಿಂತ ತಿಳಿ, ನಾರು ಒರಟು. ವರ್ಷಕ್ಕೆ ಎರಡು ಸಲ ಎಣ್ಣೆ ಕೊಟ್ಟರೆ ಕಪ್ಪಾಗುತ್ತಾ ಬರುತ್ತದೆ. ಸದ್ದಿನಲ್ಲಿ ಎರಡಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ.

ಇನ್ನು ಸದ್ದು. ಜುಲೈಯಲ್ಲಿ ಮಾಷ್ಟ್ರನ್ನು ಮನೆಗೆ ಕರೆದು ಅವರ ಬೆನ್ನ ಹಿಂದೆ ಕೂತು ಎರಡರಲ್ಲೂ ಒಂದೇ ಸಾಲು ನುಡಿಸಿದೆ, ನೇರ ಮಿಕ್ಸರಿಗೆ ಹಾಕಿ. ಮೂರಕ್ಕೆ ಮೂರು ಸಲ ಸರಿಯಾಗಿ ಗುರುತಿಸಿದರು. "ಇದು ಹಳೆಯದು. ಸ್ವರ ದುಂಡಗೆ ಬೀಳ್ತದೆ, ಕಿರಿಕಿರಿ ಇಲ್ಲ." ನಾನೂ ಒಪ್ಪಿದೆ. ಆದರೆ ಒಂದು ಸಂಶಯ ಉಳಿಯಿತು. ಭಾವನ ಬೇಸಿನಲ್ಲಿದ್ದದ್ದು ಫ್ಲ್ಯಾಟ್‌ವೌಂಡ್ ತಂತಿ, ಮೇಲಿನ ಸುತ್ತು ಪಟ್ಟಿಯ ಹಾಗೆ ಚಪ್ಪಟೆ. ನನ್ನದರಲ್ಲಿ ಸಾಮಾನ್ಯ ರೌಂಡ್‌ವೌಂಡ್. ಮುಂದಿನ ಭಾನುವಾರ ಎರಡರ ತಂತಿಗಳನ್ನೂ ಬಿಚ್ಚಿ ಅದಲುಬದಲು ಮಾಡಿದೆ. ಮಾಷ್ಟ್ರನ್ನು ಮತ್ತೆ ಕರೆದೆ. ಈ ಸಲ ಅವರು ದುಂಡಗಿನ ಸ್ವರ ಅಂದದ್ದು ನನ್ನ ಬೇಸಿಗೆ. ಎರಡಕ್ಕೂ ಒಂದೇ ಬಗೆಯ ತಂತಿ ಹಾಕಿ ಕೇಳಿಸಿದಾಗ ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ, "ಹತ್ತಿರ ಉಂಟು ಮಾರಾಯಾ, ತುಂಬ ಹತ್ತಿರ ಉಂಟು" ಅಂದರು. ನನ್ನದರ ಪಿಕಪ್ ಸ್ವಲ್ಪ ಜೋರು, ಭಾವನದು ಸ್ವಲ್ಪ ಮೆತ್ತಗೆ. ಮಿಕ್ಸರಿನಲ್ಲಿ ಗೇನ್ ಗುಂಡಿ ಒಂದಿಷ್ಟು ತಿರುಗಿಸಿದರೆ ಮುಗಿಯಿತು.

ಹಳೆ ಸದ್ದು ಅಂದಾಗ ಎಲ್ಲರೂ ನೆನೆಯುವ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಹಾಡುಗಳಿಗೆ ನುಡಿಸಿದ್ದು 62ರ ಪ್ರೆಸಿಷನ್ ಬೇಸೇ ಹೌದು. ಆದರೆ ಅದರಲ್ಲಿ ದಪ್ಪ ಫ್ಲ್ಯಾಟ್‌ವೌಂಡ್ ತಂತಿ ಇತ್ತು, ವರ್ಷಗಟ್ಟಲೆ ಬದಲಿಸದ್ದು. ಸೇತುವೆಯ, ಅಂದರೆ ತಂತಿಗಳನ್ನು ದೇಹಕ್ಕೆ ಕಟ್ಟುವ ಲೋಹದ ಭಾಗದ, ಮುಚ್ಚಳದ ಒಳಗೆ ಸ್ಪಂಜು ಇತ್ತು. ಎಲ್ಲಕ್ಕಿಂತ ಮುಖ್ಯ, ಎಲ್ಲ ತಂತಿಗಳನ್ನೂ ಮೀಟುವ ಆ ಒಂದೇ ತೋರುಬೆರಳು ಇತ್ತು. ಅವರ ಸದ್ದು ಬೇಕು ಅನ್ನುವವರು ಮೊದಲು ಖರ್ಚು ಮಾಡಬೇಕಾದದ್ದು ತಂತಿಗೆ. ನಮ್ಮ ಊರಿಗೆ ಫ್ಲ್ಯಾಟ್‌ವೌಂಡ್ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಉಪ್ಪು ಗಾಳಿಗೆ ರೌಂಡ್‌ವೌಂಡ್ ಸುತ್ತಿನ ಸಂದುಗಳಲ್ಲಿ ಬೇಗ ಕೊಳೆ ಕೂತು ಸದ್ದು ಸಾಯುತ್ತದೆ. ಫ್ಲ್ಯಾಟ್‌ವೌಂಡನ್ನು ನುಡಿಸಿ ಆದ ಮೇಲೆ ಒರಸಿಟ್ಟರೆ ಬಹಳ ಕಾಲ ಬರುತ್ತದೆ.

ಆ ಮುಚ್ಚಳಗಳ ಬಗ್ಗೆ ಒಂದು ಮಾತು. ಹಳೆ ಅಚ್ಚಿನಲ್ಲಿ ಪಿಕಪ್ ಮೇಲೊಂದು, ಸೇತುವೆ ಮೇಲೊಂದು ಕ್ರೋಮ್ ಮುಚ್ಚಳ. ನೋಡಲು ಚಂದ. ಆದರೆ ಅಂಗೈಯಿಂದ ತಂತಿ ಅದುಮಲು ಆಗುವುದಿಲ್ಲ. ಭಾವನ ಒಪ್ಪಿಗೆ ಕೇಳಿ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಭಜನೆ, ಭಕ್ತಿಗೀತೆಗೆ ಸ್ವರ ಗಿಡ್ಡ ಬೇಕಾದಾಗ ಪಾತ್ರೆ ತೊಳೆಯುವ ಹೊಸ ಸ್ಪಂಜಿನ ತುಂಡು ಕತ್ತರಿಸಿ ಸೇತುವೆಯ ಹತ್ತಿರ ತಂತಿಯ ಅಡಿಗೆ ತುರುಕುತ್ತೇನೆ. ಹಳಬರ ಉಪಾಯವೇ ಅದು.

ಪಿಕಪ್ ವಿನ್ಯಾಸ ಎರಡರಲ್ಲೂ 57ರದ್ದು, ಎರಡು ತುಂಡಿನದು. ಒಂದು ತುಂಡು ಎರಡು ತಂತಿಗೆ, ಇನ್ನೊಂದು ಉಳಿದ ಎರಡಕ್ಕೆ. ಎರಡು ತುಂಡುಗಳ ಸುತ್ತೂ ಅಯಸ್ಕಾಂತವೂ ಒಂದಕ್ಕೊಂದು ವಿರುದ್ಧ ಇರುವುದರಿಂದ ಹೊರಗಿನ ಗುಂಯ್ ಸದ್ದು ತಾನಾಗಿ ಕಳೆದುಹೋಗುತ್ತದೆ. ಜಾತ್ರೆ ಗದ್ದೆಯಲ್ಲಿ ಜನರೇಟರು, ಲೈಟಿನ ಮಾಲೆ, ಸೀರಿಯಲ್ ಸೆಟ್ ಎಲ್ಲದರ ನಡುವೆ ನುಡಿಸುವವರಿಗೆ ಇದರ ಬೆಲೆ ಗೊತ್ತು. ಇದನ್ನು ಯಾರೂ ಬದಲಾಯಿಸದಿರಲಿ.

ಭಾವನ ಬೇಸಿನ ನೈಟ್ರೋ ಲ್ಯಾಕರ್ (ನೈಟ್ರೋಸೆಲ್ಯುಲೋಸ್ ಮೆರುಗು) ನನಗೆ ಸಮಸ್ಯೆ ಆಯಿತು. ತೆಳು, ಹಳತಾದಂತೆ ಚಂದ ಕಾಣುತ್ತದೆ, ನಿಜ. ಆದರೆ ಆಟಿ ತಿಂಗಳಲ್ಲಿ ನೆಕ್ (ಕುತ್ತಿಗೆ) ಹಿಂಭಾಗ ಬೆವರಿದ ಹೆಬ್ಬೆರಳಿಗೆ ಅಂಟುತ್ತಿತ್ತು. ಕೈ ಜಾರುವ ಬದಲು ತಡೆತಡೆದು ಹೋಗುತ್ತಿತ್ತು. ಸ್ಟ್ಯಾಂಡಿನ ರಬ್ಬರಿಗೂ ನೈಟ್ರೋಗೂ ಆಗಿಬರುವುದಿಲ್ಲ, ತಾಗಿದಲ್ಲಿ ಕಲೆ ಬೀಳುತ್ತದೆ. ಹಾಗಾಗಿ ಗೋಡೆಯ ಕೊಕ್ಕೆಗೂ ಹತ್ತಿ ಬಟ್ಟೆ ಸುತ್ತಿದೆ. ನನ್ನದರ ಪಾಲಿಯೆಸ್ಟರ್ ದಪ್ಪ, ಗಟ್ಟಿ. ಮಳೆಗೂ ಬೆವರಿಗೂ ಹೆದರುವುದಿಲ್ಲ. ಕೇಸಿನೊಳಗೆ ಮಾತ್ರ ಎರಡನ್ನೂ ಇಡಬಾರದು. ಜೂನ್ ಮುಗಿಯುವುದರೊಳಗೆ ಕೇಸಿನ ಮಕಮಲ್ಲಿಗೆ ಬೂಷ್ಟು ಹಿಡಿದಿತ್ತು.

ಸೇತುವೆ ಎರಡರಲ್ಲೂ ಹಳೆ ಮಾದರಿಯದೇ. ಅದರ ಸಣ್ಣ ಸ್ಕ್ರೂಗಳಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದೊಂದು ಹನಿ, ತಿಂಗಳಿಗೊಮ್ಮೆ. ಇಲ್ಲದಿದ್ದರೆ ತುಕ್ಕು.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯ: ಟ್ರಸ್ ರಾಡ್.

ನೆಕ್‌ನ ಒಳಗೆ ಉದ್ದಕ್ಕೆ ಒಂದು ಉಕ್ಕಿನ ಸರಳು ಇರುತ್ತದೆ. ತಂತಿಗಳ ಎಳೆತಕ್ಕೆ ನೆಕ್ ಎಷ್ಟು ಬಾಗಬೇಕು ಎಂಬುದನ್ನು ಹದಮಾಡುವುದು ಅದೇ. ಹಳೆ ಅಚ್ಚಿನಲ್ಲಿ ಅದರ ನಟ್ಟು ನೆಕ್‌ನ ಬುಡದಲ್ಲಿ, ದೇಹದೊಳಗೆ ಅಡಗಿರುತ್ತದೆ. ನನ್ನದರಲ್ಲಿ ತಲೆಯ ಬದಿಯಲ್ಲಿ ತೂತು, ಅಲೆನ್ ಕೀ ಹಾಕಿ ತಿರುಗಿಸಬಹುದು. ನೆಕ್ ವರ್ಷವಿಡೀ ಅಲುಗದ ಒಣ ಊರಿನಲ್ಲಿ ಇದು ಸಣ್ಣ ವ್ಯತ್ಯಾಸ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ನೆಕ್‌ನ ಹಿಂಭಾಗಕ್ಕೆ ಲ್ಯಾಕರ್ ಇದೆ, ಫ್ರೆಟ್‌ಬೋರ್ಡಿಗೆ ಇಲ್ಲ. ಆ ಬದಿಯ ಮರ ಮಾತ್ರ ತೇವ ಕುಡಿದು ಉಬ್ಬುತ್ತದೆ. ನೆಕ್ ಹಿಂದಕ್ಕೆ ವಾಲುತ್ತದೆ.

ಆಗಸ್ಟ್ ಮೊದಲ ವಾರ ಎರಡರಲ್ಲೂ ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಗರ್ ಅನ್ನತೊಡಗಿತು. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒಟ್ಟಿಗೆ ಒತ್ತಿ, ಏಳನೇ ಫ್ರೆಟ್‌ನ ಮೇಲೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದೆ. ಕಾರ್ಡಿನಷ್ಟು ಸಂದು ಇರಬೇಕು. ಎರಡರಲ್ಲೂ ಕಾಗದದಷ್ಟೂ ಇರಲಿಲ್ಲ. ನನ್ನದಕ್ಕೆ ಅಲೆನ್ ಕೀ ಹಾಕಿ ಕಾಲು ಸುತ್ತು ಸಡಿಲಿಸಿದೆ. ಶ್ರುತಿ ಮಾಡಿದೆ. ಕಾರ್ಡ್ ಸರಾಗ ಹೋಯಿತು. ಅಮ್ಮ ಒಲೆ ಮೇಲಿಟ್ಟ ಚಹಾ ಕುದಿಯುವುದರೊಳಗೆ ಕೆಲಸ ಮುಗಿದಿತ್ತು.

ಭಾವನದಕ್ಕೆ ಒಂದು ಇಡೀ ಸಂಜೆ ಹೋಯಿತು. ತಂತಿಗಳು ಚೆಲ್ಲಾಪಿಲ್ಲಿ ಆಗದಂತೆ ಮೊದಲ ಫ್ರೆಟ್‌ಗೆ ಕೇಪೋ, ಅಂದರೆ ತಂತಿ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದೆ. ತಂತಿ ಸಡಿಲಿಸಿದೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಎತ್ತಿ, ಸ್ಕ್ರೂ ಡ್ರೈವರಿನಿಂದ ನಟ್ಟನ್ನು ಅಂದಾಜಿಗೆ ತಿರುಗಿಸಿದೆ. ಮತ್ತೆ ಕೂರಿಸಿ, ಬಿಗಿದು, ಶ್ರುತಿ ಮಾಡಿ ನೋಡಿದರೆ ಸಾಲಲಿಲ್ಲ. ಎರಡನೇ ಸಲ ಜಾಸ್ತಿ ಆಯಿತು. ಮೂರನೇ ಸಲ ಸರಿಬಂತು. ಪ್ರತಿ ಸಲ ಸ್ಕ್ರೂ ಹಾಕುವಾಗಲೂ ಮರದ ತೂತಿನಲ್ಲಿ ಸ್ಕ್ರೂ ಕೊರೆದ ಹಳೆ ಗೀರು ತಪ್ಪಬಾರದು. ಅದಕ್ಕೆ ಸ್ಕ್ರೂವನ್ನು ಮೊದಲು ಎಡಕ್ಕೆ ತಿರುಗಿಸಿ, ಟಕ್ ಅಂತ ಕೂತ ಮೇಲೆ ಬಲಕ್ಕೆ ಬಿಗಿಯಬೇಕು. ಸೆಪ್ಟೆಂಬರಿನಲ್ಲಿ ಬಿಸಿಲು ಬಂದಾಗ ನೆಕ್ ತಿರುಗಿ ಮುಂದಕ್ಕೆ ಬಂತು. ಇನ್ನೊಮ್ಮೆ ಇದೇ ಕೆಲಸ. ವರ್ಷಕ್ಕೆ ಎರಡು ಸಲ ಹೀಗೆ ಬಿಚ್ಚಿದರೆ ಹತ್ತು ವರ್ಷದಲ್ಲಿ ಆ ತೂತುಗಳ ಗತಿ ಏನು ಎಂಬುದೇ ನನ್ನ ಚಿಂತೆ.

ಮಾಷ್ಟ್ರ ವಾದವೂ ಸುಳ್ಳಲ್ಲ. ತಲೆಯ ಬದಿಯಲ್ಲಿ ತೂತು ಕೊರೆದರೆ ಅಲ್ಲಿ ಮರ ಕಡಿಮೆಯಾಗುತ್ತದೆ, ನೋಟವೂ ಕೆಡುತ್ತದೆ. ಅದಕ್ಕೆ ನನ್ನ ಮನಸ್ಸಿನಲ್ಲಿರುವ ಉತ್ತರ ಬೇರೆ. ಕೆಲವು ಬೇಸ್‌ಗಳಲ್ಲಿ ನೆಕ್‌ನ ಬುಡದಲ್ಲೇ, ಪಿಕ್‌ಗಾರ್ಡಿನ ಪಕ್ಕ ಕಾಣುವಂತೆ ಒಂದು ಸಣ್ಣ ಚಕ್ರ ಇಡುತ್ತಾರೆ. ಮೊಳೆಯಂಥದ್ದು ತೂರಿಸಿ ತಿರುಗಿಸಬಹುದು. ತಲೆಯನ್ನು ಮುಟ್ಟಬೇಕಿಲ್ಲ, ನೆಕ್ ಬಿಚ್ಚಬೇಕಿಲ್ಲ. 62ರ ಅಚ್ಚಿಗೆ ಯಾರಾದರೂ ಅದೊಂದನ್ನೇ ಸೇರಿಸಿ, ಉಳಿದದ್ದನ್ನೆಲ್ಲ ಹಳೆಯದರ ಹಾಗೇ ಬಿಟ್ಟರೆ ನಾನು ನನ್ನದನ್ನು ಮಾರಿ ಅದನ್ನು ಕೊಳ್ಳುತ್ತೇನೆ. ಇದನ್ನು ಹೇಳಿದಾಗ ಮಾಷ್ಟ್ರು ಚಹಾ ಗ್ಲಾಸು ಕೆಳಗಿಟ್ಟು, "ಅದಕ್ಕಾದರೆ ನನ್ನದೂ ಒಪ್ಪಿಗೆ ಉಂಟು" ಅಂದರು.

ಸದ್ಯಕ್ಕೆ ಕೊಳ್ಳುವವರು ಕೇಳಿದರೆ: ಮಂಜೇಶ್ವರದಿಂದ ಅಡೂರಿನವರೆಗೆ ಎಲ್ಲೇ ಇರಿ, ಒಂದೇ ಬೇಸ್ ಇಟ್ಟುಕೊಳ್ಳುವುದಾದರೆ ಬದಲಾಯಿಸಿದ್ದನ್ನೇ ತಗೊಳ್ಳಿ, ಉಳಿದ ಹಣದಲ್ಲಿ ಫ್ಲ್ಯಾಟ್‌ವೌಂಡ್ ತಂತಿ ಹಾಕಿಸಿ. ಹಳೆ ಅಚ್ಚಿನದ್ದೇ ಬೇಕು ಅಂತ ಮನಸ್ಸು ಹಿಡಿದಿದ್ದರೆ, ನೆಕ್ ಬಿಚ್ಚಿ ಕೂರಿಸುವುದನ್ನು ಕೊಳ್ಳುವ ಮುಂಚೆಯೇ ಯಾರಿಂದಲಾದರೂ ಕಲಿತುಕೊಳ್ಳಿ.

ಭಾವ ಡಿಸೆಂಬರಿಗೆ ಬರುತ್ತಾರೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವರ ಬೇಸಿನ ಕೆಳಗಿನ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ ಕೇಳಿಸಿದೆ. ಗರ್ ಇಲ್ಲ. "ಸೆಟ್ ಉಂಟಲ್ಲ!" ಅಂದರು. ಮುಚ್ಚಳಗಳನ್ನು ಮತ್ತೆ ಹಾಕಿಡಲು ಹೇಳಿದ್ದಾರೆ. ಇವತ್ತು ಸಂಜೆ ಹಾಕಬೇಕು.