ಎಚ್ಚರಿಕೆ: ಸಿಮ್ ಹಾಕಿದರೆ ಮಾತ್ರ ನಡೆಯುವ ‘ಎಐಎಸ್ ಕಿಟ್’ ನಂಬಿ ಕಡಲಿಗೆ ಇಳಿಯಬೇಡಿ

ಮಂಗಳೂರು, ಉಡುಪಿ ಕಡೆ ಶೋಕಿಗೆ ಹಾಯಿದೋಣಿ ಇಟ್ಟುಕೊಂಡವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ನಮ್ಮದೂ ಒಂದುಂಟು. ಗೆಳೆಯರು ಸೇರಿ ತೆಗೆದುಕೊಂಡ ಸೆಕೆಂಡ್‌ಹ್ಯಾಂಡ್ ದೋಣಿ, ಬೆಂಗ್ರೆ ಹತ್ತಿರ ಹೊಳೆಯಲ್ಲಿ ಕಟ್ಟಿ ಇಡುತ್ತೇವೆ. ನಮ್ಮಂಥವರನ್ನು ಹುಡುಕಿಕೊಂಡು ಬಂದು ಒಬ್ಬ ಡೀಲರ್ ‘ಸೇಫ್ಟಿ ಕಿಟ್’ ಮಾರುತ್ತಿದ್ದಾರೆ. ಲೈಫ್ ಜಾಕೆಟ್, ಟಾರ್ಚು, ನೀರು ತಾಗದ ಕವರಿನಲ್ಲಿ ಒಂದು ಟ್ಯಾಬ್ಲೆಟ್. ಅದರಲ್ಲಿ ಹಡಗು ತೋರಿಸುವ ಆ್ಯಪ್, ಒಂದು ವರ್ಷದ ಚಂದಾ ಸಮೇತ. ಜಾಕೆಟ್ ಬಗ್ಗೆ ನನ್ನ ತಕರಾರಿಲ್ಲ. ನಿಜವಾಗಿ ಚೆನ್ನಾಗಿದೆ. ತಕರಾರು ಟ್ಯಾಬ್ಲೆಟ್ ಬಗ್ಗೆ.

ಎಐಎಸ್ ಅಂದರೆ ಹಡಗುಗಳು ತಾವು ಎಲ್ಲಿದ್ದೇವೆ ಅಂತ ಒಂದಕ್ಕೊಂದು ತಾವಾಗಿಯೇ ತಿಳಿಸುವ ವ್ಯವಸ್ಥೆ. ಮಾರುವಾಗ ಆತ ಹೇಳಿದ್ದು ಹೀಗೆ: “ಇದು ಎಐಎಸ್ ಸಾರ್. ಹಡಗು ನಿಮಗೆ ಕಾಣ್ತದೆ, ನೀವು ಹಡಗಿಗೆ ಕಾಣ್ತೀರಿ. ಮತ್ತೆಂತ ಬೇಕು?” ಮಾಡಿಯೂ ತೋರಿಸಿದರು. ಲೊಕೇಶನ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಮ್ಯಾಪಿನಲ್ಲಿ ನಮ್ಮ ದೋಣಿಯ ಹೆಸರು ಹೊತ್ತ ಪುಟ್ಟ ಬಾಣ ಮೂಡಿತು. ಪಣಂಬೂರಿನ ಹೊರಗೆ ಲಂಗರು ಹಾಕಿದ ದೊಡ್ಡ ದೊಡ್ಡ ಟ್ಯಾಂಕರುಗಳ ಸಾಲಿನಲ್ಲಿ ನಮ್ಮದೂ ಒಂದು! ಮನೆಯಲ್ಲಿ ಕೂತವರೂ ಫೋನಿನಲ್ಲಿ ಅದನ್ನು ನೋಡಬಹುದು. ಅಲ್ಲಿಗೆ ಎಲ್ಲರಿಗೂ ನಂಬಿಕೆ ಬಂತು.

ಫೆಬ್ರವರಿಯ ಒಂದು ಬೆಳಿಗ್ಗೆ ಅಳಿವೆ ದಾಟಿ ಬಡಗು ದಿಕ್ಕಿಗೆ ಹೊರಟೆವು. ಕಾಪು ಲೈಟ್‌ಹೌಸ್ ಕಾಣುವವರೆಗೆ ಹೋಗಿ ಬರುವುದು ಅಂತ. ಬೆಳಗಿನ ಹೊತ್ತು ದಡದಿಂದ ಬೀಸುವ ಗಾಳಿ ಚೆನ್ನಾಗಿರುತ್ತದೆ, ಬಿಸಿಲೇರಿದಂತೆ ಅದು ಸಾಯುತ್ತದೆ, ಆಮೇಲೆ ಕಡಲಗಾಳಿ ಶುರುವಾಗುತ್ತದೆ. ನಡುವೆ ಒಂದಷ್ಟು ಹೊತ್ತು ಗಾಳಿಯೇ ಇಲ್ಲ. ನಾವು ನವಮಂಗಳೂರು ಬಂದರಿಗೆ ಹಡಗುಗಳು ಬರುವ ದಾರಿಯ ಹತ್ತಿರ ಇದ್ದಾಗಲೇ ಗಾಳಿ ಬಿದ್ದದ್ದು. ಹಾಯಿ ಸುಮ್ನೆ ಪಟಪಟ ಅನ್ನುತ್ತಿತ್ತು. ಸುತ್ತ ಮಬ್ಬು. ಟ್ಯಾಬ್ಲೆಟ್ ಪ್ರಕಾರ ಹತ್ತಿರದಲ್ಲಿ ಚಲಿಸುವ ಹಡಗು ಒಂದೂ ಇಲ್ಲ. ಇದ್ದ ಒಂದು ಟ್ಯಾಂಕರ್ ದೂರದಲ್ಲಿ ಲಂಗರು ಹಾಕಿ ನಿಂತಿದೆ.

ಚುಕ್ಕಾಣಿ ಹಿಡಿದಿದ್ದ ಗೆಳೆಯನೇ ಮೊದಲು ನೋಡಿದ್ದು. “ಅದು ನಿಂತಿದೆ ಅಂತ ಹೇಳಿದ್ದಲ್ವಾ ಮಾರಾಯ? ಅದರ ಮೂತಿಯಲ್ಲಿ ನೊರೆ ಉಂಟು!”

ಮಬ್ಬಿನೊಳಗಿಂದ ಹಡಗಿನ ಮುಂಭಾಗ ಎದ್ದು ಬರುತ್ತಿತ್ತು. ಎಡ ಬಲ ಎರಡೂ ಪಕ್ಕ ಒಟ್ಟಿಗೆ ಕಾಣುತ್ತಿದ್ದವು. ಅಂದರೆ ಅದು ನೇರ ನಮ್ಮ ಮೇಲೆಯೇ ಬರುತ್ತಿದೆ. ಔಟ್‌ಬೋರ್ಡ್ ಎಂಜಿನ್ ಮೊದಲ ಎಳೆತಕ್ಕೆ ಹಿಡಿಯಲಿಲ್ಲ. ಹಿಡಿದ ಮೇಲೆ ಅಡ್ಡಕ್ಕೆ ಓಡಿಸಿದೆವು. ಅಷ್ಟರಲ್ಲಿ ಹಾರ್ನ್: ಚಿಕ್ಕ ಚಿಕ್ಕದಾಗಿ ಐದು ಸಲ. ‘ನೀನು ಏನು ಮಾಡುತ್ತಿದ್ದೀಯ ಅಂತ ನನಗೆ ಗೊತ್ತಾಗುತ್ತಿಲ್ಲ’ ಎಂಬುದಕ್ಕೆ ಕಡಲ ನಿಯಮದಲ್ಲಿ ಇರುವ ಸದ್ದು ಅದು. ಹಡಗು ದಾಟಿ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಅಲೆಗೆ ಬುತ್ತಿ ಡಬ್ಬಿ ನೀರಿಗೆ ಬಿತ್ತು ಅಷ್ಟೇ.

ಟ್ಯಾಬ್ಲೆಟ್ಟಿನಲ್ಲಿ ಆ ಟ್ಯಾಂಕರ್ ಇನ್ನೂ ಲಂಗರಿನಲ್ಲೇ ಇತ್ತು. ಅದರ ಮೇಲೆ ಒತ್ತಿದಾಗ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ವಿಷಯ ಹೊರಬಂತು: ಸ್ಥಾನ ಸಿಕ್ಕಿದ್ದು ಸುಮಾರು ಮುಕ್ಕಾಲು ಗಂಟೆ ಹಿಂದೆ. ಮೊಬೈಲ್ ನೆಟ್‌ವರ್ಕ್ ಯಾವಾಗಲೋ ಹೋಗಿತ್ತು. ಹೋಗಿದೆ ಅಂತ ಆ್ಯಪ್ ಒಂದು ಮಾತು ಹೇಳುವುದಿಲ್ಲ. ಹಳೆಯ ಚಿತ್ರವನ್ನೇ ಹಿಡಿದುಕೊಂಡು ಕೂತಿರುತ್ತದೆ.

ನಿಜವಾದ ಎಐಎಸ್ ಅಂದರೆ ರೇಡಿಯೋ. ಹಡಗಿನ ಯಂತ್ರ ತನ್ನ ಹೆಸರು, ಜಾಗ, ವೇಗ, ದಿಕ್ಕನ್ನು ವಿಎಚ್‌ಎಫ್ ಎಂಬ ರೇಡಿಯೋ ತರಂಗದಲ್ಲಿ ಬಿಡುತ್ತದೆ. ಚಲಿಸುವಾಗ ವೇಗ ನೋಡಿಕೊಂಡು 2ರಿಂದ 10 ಸೆಕೆಂಡಿಗೊಮ್ಮೆ, ಲಂಗರಿನಲ್ಲಿದ್ದಾಗ 3 ನಿಮಿಷಕ್ಕೊಮ್ಮೆ. ಪಕ್ಕದ ಹಡಗಿನ ಯಂತ್ರ ಅದನ್ನು ನೇರವಾಗಿ ಕೇಳಿಸಿಕೊಳ್ಳುತ್ತದೆ, ನಡುವೆ ಇಂಟರ್ನೆಟ್ ಇಲ್ಲ. ಆ್ಯಪಿನ ಕತೆ ಬೇರೆ. ದಡದಲ್ಲಿ ಯಾರೋ ಆಸಕ್ತರು ಮಾಡಿನ ಮೇಲೆ ಆಂಟೆನಾ ಇಟ್ಟಿರುತ್ತಾರೆ. ಅವರಿಗೆ ಕೇಳಿಸಿದ್ದು ನೆಟ್ ಮೂಲಕ ಕಂಪನಿಗೆ ಹೋಗಿ, ಅಲ್ಲಿಂದ ನಮ್ಮ ಫೋನಿಗೆ ಬರುತ್ತದೆ. ಆ ಮನೆಯಲ್ಲಿ ಕರೆಂಟು ಹೋದರೆ ಹಡಗು ಮ್ಯಾಪಿನಲ್ಲಿ ನಿಂತುಬಿಡುತ್ತದೆ, ನೀರಿನಲ್ಲಿ ಓಡುತ್ತಲೇ ಇರುತ್ತದೆ. 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ) ವೇಗದ ಹಡಗು ಐದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್ ದಾಟುತ್ತದೆ. ಹತ್ತು ನಿಮಿಷ ಹಳೆಯ ಬಾಣ ಅಂದರೆ ಮೂರೂವರೆ ಕಿಲೋಮೀಟರಿಗೂ ಜಾಸ್ತಿ ತಪ್ಪು.

ನನಗೆ ಜಾಸ್ತಿ ಸಿಟ್ಟು ಬಂದದ್ದು ‘ನೀವು ಹಡಗಿಗೆ ಕಾಣ್ತೀರಿ’ ಎಂಬ ಮಾತಿಗೆ. ಟ್ಯಾಬ್ಲೆಟ್ಟಿನಲ್ಲಿ ವಿಎಚ್‌ಎಫ್ ಟ್ರಾನ್ಸ್‌ಮಿಟರ್ ಎಲ್ಲಿಂದ ಬರಬೇಕು? ನಮ್ಮ ಲೊಕೇಶನ್ ಹೋದದ್ದು ಆ ಕಂಪನಿಯ ಮ್ಯಾಪಿಗೆ ಮಾತ್ರ. ಮನೆಯವರಿಗೆ ಕಂಡೆವು, ಟ್ಯಾಂಕರಿನ ಎಐಎಸ್ ಪರದೆಗೆ ಬರಲೇ ಇಲ್ಲ. ಕಣ್ಣಿಗಾದರೂ ಬೀಳುತ್ತೇವಾ ಅಂದರೆ ಅದೂ ಕಷ್ಟ. ಹಡಗಿನ ಎರಡು ಪಟ್ಟು ಉದ್ದ ಅಥವಾ 500 ಮೀಟರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ದೂರದವರೆಗೆ ಮುಂದಿನ ನೀರು ಬ್ರಿಜ್‌ನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ಕಾಣದೇ ಇರಬಹುದು ಅಂತ ಅಂತಾರಾಷ್ಟ್ರೀಯ ನಿಯಮವೇ ಬಿಟ್ಟಿದೆ.

ಮ್ಯಾಪಿನಲ್ಲಿ ಬಾರದೇ ಇರುವವರೂ ಬೇಕಾದಷ್ಟು ಇದ್ದಾರೆ. ಎಐಎಸ್ ಕಡ್ಡಾಯ ಇರುವುದು ವಿದೇಶಕ್ಕೆ ಹೋಗುವ 300 ಟನ್ನಿಗೆ ಮೇಲ್ಪಟ್ಟ ಹಡಗು, ವಿದೇಶಕ್ಕೆ ಹೋಗದ 500 ಟನ್ನಿಗೆ ಮೇಲ್ಪಟ್ಟ ಸರಕು ಹಡಗು ಮತ್ತು ಪ್ರಯಾಣಿಕರ ಹಡಗುಗಳಿಗೆ. ಯುದ್ಧನೌಕೆಗಳಿಗೆ ಆ ಕಡ್ಡಾಯ ಇಲ್ಲ. ನಾಡದೋಣಿಗಳಂತೂ ಬಿಡಿ. ಬೆಳಗ್ಗಿನ ಜಾವ ಮಲ್ಪೆಗೆ ಬರುವ ಟ್ರಾಲ್ ಬೋಟುಗಳ ಸಾಲನ್ನು ದಡದಲ್ಲಿ ನಿಂತು ನೋಡಿ, ಆಮೇಲೆ ಅದೇ ಹೊತ್ತಿನ ಮ್ಯಾಪ್ ನೋಡಿ. ಅರ್ಧವೂ ಇರುವುದಿಲ್ಲ. 2021ರ ಏಪ್ರಿಲ್ 13ರಂದು ನವಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲಿ ಆಚೆ ಸಿಂಗಾಪುರದ ಹಡಗಿಗೂ ಬೇಪೂರಿನ ಮೀನುಗಾರಿಕೆ ಬೋಟಿಗೂ ಡಿಕ್ಕಿಯಾಗಿತ್ತು, ನೆನಪಿರಬಹುದು. ಹದಿನಾಲ್ಕು ಜನರಲ್ಲಿ ಬದುಕಿ ಸಿಕ್ಕಿದ್ದು ಇಬ್ಬರು.

ಹಾಗಂತ ಆ್ಯಪ್ ಬೇಡ ಅಂತಲ್ಲ. ಹೊರಡುವ ಹಿಂದಿನ ರಾತ್ರಿ ಹೊರಗೆ ಎಷ್ಟು ಹಡಗು ನಿಂತಿವೆ ಅಂತ ನೋಡಲಿಕ್ಕೆ ನಾನು ಈಗಲೂ ಬಳಸುತ್ತೇನೆ. ಕಡಲಿನಲ್ಲಿ ಬೇಕಾದದ್ದು ಬೇರೆ. ಯಾರಾದರೂ ಎಐಎಸ್ ಅಂತ ಮಾರಿದರೆ ಒಂದೇ ಪ್ರಶ್ನೆ ಕೇಳಿ: ಸಿಮ್ ತೆಗೆದರೆ ಇದು ನಡೆಯುತ್ತದಾ? ಇಲ್ಲ ಅಂದರೆ ಅದು ಎಐಎಸ್ ಅಲ್ಲ. ನಿಜವಾದದ್ದಕ್ಕೆ ವಿಎಚ್‌ಎಫ್ ಆಂಟೆನಾ ಇರಲೇಬೇಕು. ಬರೀ ರಿಸೀವರ್ ಆದರೆ ಹಡಗು ನಿಮಗೆ ಗೊತ್ತಾಗುತ್ತದೆ, ನೀವು ಅದಕ್ಕೆ ಗೊತ್ತಾಗುವುದಿಲ್ಲ. ಸಣ್ಣ ದೋಣಿಗಳಿಗೆ ಸಿಗುವ, ತಾನೂ ಸಂದೇಶ ಕಳಿಸುವ ‘ಕ್ಲಾಸ್ ಬಿ ಟ್ರಾನ್ಸ್‌ಪಾಂಡರ್’ ಆದರೆ ಎರಡೂ ಆಗುತ್ತದೆ, ಅದಕ್ಕೆ ನಿಮ್ಮ ದೋಣಿಯದೇ ಒಂಬತ್ತು ಅಂಕಿಯ ಗುರುತಿನ ನಂಬರ್ (ಎಂಎಂಎಸ್‌ಐ) ಬೇಕು. ಅದು ದುಬಾರಿ ಅನಿಸಿದರೆ ಮೊದಲು ಲೈಸೆನ್ಸ್ ಮಾಡಿಸಿ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ ತೆಗೆದುಕೊಳ್ಳಿ. 16ನೇ ಚಾನೆಲ್‌ನಲ್ಲಿ ಹಡಗಿನವರನ್ನು ಕರೆಯಬಹುದು. ಕೋಸ್ಟ್ ಗಾರ್ಡ್ ನಂಬರ್ 1554, ಆದರೆ ಫೋನಿಗೆ ನೆಟ್‌ವರ್ಕ್ ಇದ್ದರೆ ತಾನೇ.

ಡೀಲರನ್ನು ಕೇಳಿದೆವು. “ಆ್ಯಪಿನ ಷರತ್ತಿನಲ್ಲಿ ಬರೆದಿದೆ ಸಾರ್, ದಾರಿ ನೋಡಿಕೊಳ್ಳಲು ಬಳಸಬಾರದು ಅಂತ” ಎಂದರು. ಬರೆದದ್ದು ನಿಜವೇ, ಇಂಗ್ಲಿಷಿನಲ್ಲಿ, ಎಲ್ಲೋ ಕೆಳಗೆ. ನಮ್ಮ ಬಿಲ್ಲಿನಲ್ಲಿ ‘ಸೇಫ್ಟಿ ಕಿಟ್’ ಅಂತ ಮಾತ್ರ ಇದೆ, ಎಐಎಸ್ ಎಂಬ ಪದವೇ ಇಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ? ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ಇನ್ನೂ ನಡೆಯುತ್ತಿದೆ. ಇದೇ ಕಿಟ್ ತೆಗೆದುಕೊಂಡವರು ಇಲ್ಲಿ ಯಾರಾದರೂ ಇದ್ದರೆ, ಆತ ವಾಟ್ಸಾಪಿನಲ್ಲಿ ‘ಹಡಗಿಗೆ ಕಾಣ್ತೀರಿ’ ಅಂತ ಬರೆದ ಮೆಸೇಜು ಇದ್ದರೆ ಅಳಿಸಬೇಡಿ. ನನಗೊಂದು ಮಾತು ತಿಳಿಸಿ.