ದುಡಿಗೆ ಸಿನಿಮಾ, ಆಚಾರ್ಯರಿಗೆ ಪುಸ್ತಕ

ಗಾಂಧಿ ಬಜಾರಿನಲ್ಲಿ ಕೊಂಡ ‘ಚೋಮನ ದುಡಿ’ಯನ್ನು ಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗಿಬರುವ ಮೆಟ್ರೋದಲ್ಲಿ ನಾಲ್ಕು ದಿನ ಓದಿ ಮುಗಿಸಿ, ಆ ಭಾನುವಾರವೇ ಸಿನಿಮಾ ನೋಡಿದೆ. ‘ಸಂಸ್ಕಾರ’ದ ವಿಷಯದಲ್ಲಿ ಕ್ರಮ ತಿರುವುಮುರುವಾಯಿತು, ಮೊದಲು ಸಿನಿಮಾ ನೋಡಿ, ಆಮೇಲೆ ಪುಸ್ತಕ ಹಿಡಿದೆ. ಪುಸ್ತಕ ಮೇಲೋ ಸಿನಿಮಾ ಮೇಲೋ ಎಂಬ ನನ್ನ ಅಭಿಪ್ರಾಯವನ್ನು ಈ ಕ್ರಮವೂ ಸ್ವಲ್ಪ ತಿದ್ದಿರಬಹುದು.

ಶಿವರಾಮ ಕಾರಂತರ ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಮನೆಯಲ್ಲಿ ಜೋಡಿ ಎತ್ತುಗಳಿದ್ದರೂ ಹುಟ್ಟಿದ ಜಾತಿಯ ಕಾರಣಕ್ಕೆ ಉಳಲು ತುಂಡು ಗದ್ದೆ ಸಿಗದ ಚೋಮನ ಸಂಕಟವೂ ಒಡೆಯ ಸಂಕಪ್ಪಯ್ಯನ ಹಿಂಜರಿಕೆಯೂ ಪುಸ್ತಕದಲ್ಲೇ ಹೆಚ್ಚು ವಿವರವಾಗಿ ತಿಳಿಯುತ್ತವೆ. ಆದರೆ ದುಡಿಯ ವಿಷಯದಲ್ಲಿ ಸಿನಿಮಾದ್ದೇ ಮೇಲುಗೈ. ಚೋಮ ದುಡಿ ಬಾರಿಸಿದನೆಂದು ಓದಿದಾಗ ಅವನ ಸಿಟ್ಟು ಎಷ್ಟಿರಬಹುದೆಂದು ನಾನು ಊಹಿಸಿಕೊಳ್ಳಬೇಕಾಗಿತ್ತು. ಪರದೆಯ ಕಪ್ಪು ಬಿಳುಪಿನಲ್ಲಿ ವಾಸುದೇವ ರಾವ್ ಅವರ ಬೆರಳುಗಳು ಚರ್ಮದ ಮೇಲೆ ಬಿದ್ದಾಗ ಊಹೆಗೆ ಕೆಲಸವೇ ಉಳಿಯಲಿಲ್ಲ. ರಂಗಸಂಗೀತದಲ್ಲಿ ಪಳಗಿದ ನಿರ್ದೇಶಕರಿಗೆ ಶಬ್ದವನ್ನು ಎಲ್ಲಿ ಎಬ್ಬಿಸಬೇಕು, ಎಲ್ಲಿ ತಡೆಯಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಮಗಳು ಬೆಳ್ಳಿಯ ಮೇಲಿನ ನಂಬಿಕೆಯೂ ಮುರಿದ ಮೇಲೆ ಕೇಳುವ ಆ ಬಡಿತ ಆಮೇಲೆ ಪುಸ್ತಕದ ಕೊನೆಯ ಪುಟಗಳನ್ನು ತಿರುವಿದಾಗಲೂ ನನ್ನ ಕಿವಿಯಲ್ಲಿತ್ತು.

‘ಸಂಸ್ಕಾರ’ದಲ್ಲಿ ಆದದ್ದು ಇದಕ್ಕೆ ವಿರುದ್ಧ. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದರು. ಪ್ರಾಣೇಶಾಚಾರ್ಯರ ಪಾತ್ರ ಗಿರೀಶ ಕಾರ್ನಾಡರದು. ಶವ ಕೊಳೆಯುತ್ತಿರುವಾಗ ಯಾರು ಸಂಸ್ಕಾರ ಮಾಡಬೇಕೆಂದು ಅಗ್ರಹಾರ ತರ್ಕಿಸುವ ಭಾಗ ಸಿನಿಮಾದಲ್ಲಿ ಬಿಗಿಯಾಗಿದೆ, ಲಂಕೇಶರ ನಾರಣಪ್ಪ ಸತ್ತ ಮೇಲೂ ಎದುರು ನಿಂತಂತಿರುತ್ತಾನೆ. ಆದರೆ ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡಿದ ಮೇಲೆ ಅಗ್ರಹಾರ ಬಿಟ್ಟು ಹೊರಟ ಆಚಾರ್ಯರ ಒಳಗೆ ನಡೆಯುವುದು ಬಹುಪಾಲು ವಿಚಾರ, ತನ್ನನ್ನೇ ತಾನು ಸುಲಿದು ನೋಡುವ ವಿಚಾರ. ಜಾತ್ರೆಯ ಗದ್ದಲದ ನಡುವೆ, ದಾರಿಯಲ್ಲಿ ಜೊತೆಯಾಗಿ ಬಿಡದೆ ಮಾತಾಡುವ ಪುಟ್ಟನ ಪಕ್ಕದಲ್ಲಿ, ಯಾರಾದರೂ ತನ್ನನ್ನು ಗುರುತು ಹಿಡಿದಾರೆಂದು ಅವರು ಬೆವರುವುದನ್ನು ಪುಸ್ತಕ ಪುಟಗಟ್ಟಲೆ ಹಿಡಿದಿಡುತ್ತದೆ. ನಟನ ಮುಖ ಎಷ್ಟೇ ಸೂಕ್ಷ್ಮವಾಗಿದ್ದರೂ ಅಷ್ಟನ್ನು ಹೊರಲಾರದು. ಒಂದು ನಷ್ಟವನ್ನೂ ಹೇಳಬೇಕು. ಮೊದಲೇ ಸಿನಿಮಾ ನೋಡಿದ್ದರಿಂದ ಓದುವಾಗ ಕಾರ್ನಾಡರ ಮುಖವೇ ಕಣ್ಣೆದುರು ನಿಂತಿತು, ನನ್ನದೇ ಆದ ಆಚಾರ್ಯರು ಕೊನೆಗೂ ಮೂಡಲಿಲ್ಲ.

ತೇಜಸ್ವಿಯವರ ‘ತಬರನ ಕಥೆ’ಯಲ್ಲಿ ಪೈಪೋಟಿಯೇ ಇಲ್ಲ. ಮೂಲ ಸಣ್ಣ ಕತೆಯಾದ್ದರಿಂದ 1986ರ ಸಿನಿಮಾದಲ್ಲಿ ಗಿರೀಶ ಕಾಸರವಳ್ಳಿಯವರು ಏನನ್ನೂ ಕತ್ತರಿಸಬೇಕಾಗಲಿಲ್ಲ. ತಬರನ ಪಾತ್ರದ ಚಾರುಹಾಸನ್ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ಸಾವಧಾನವಾಗಿ ತೋರಿಸುವಷ್ಟು ಜಾಗ ಅವರಿಗಿತ್ತು.

ಮುಂದಿನ ಸರದಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯದು. ಕಾರ್ನಾಡರ 1999ರ ಸಿನಿಮಾ ಕೈಗೆ ಸಿಕ್ಕಿದೆಯಾದರೂ, ಆ ದೊಡ್ಡ ಕಾದಂಬರಿಯನ್ನು ಓದಿ ಮುಗಿಸುವವರೆಗೆ ಅದನ್ನು ನೋಡುವುದಿಲ್ಲ.